ಒಂದು ದಿನ ‘ನೋವು’ ಅಂದವರಲ್ಲ

2015ರ ಮಾರ್ಚ್ ತಿಂಗಳಲ್ಲಿ ನಾನು ಅಮೆರಿಕದ ಒಹಾಯೋ ರಾಜ್ಯದಲ್ಲಿದ್ದೆ. ಮಗಳ ಎರಡನೆಯ ಬಾಣಂತನಕ್ಕೆಂದು ಮೆಂತ್ಯದ ಹಿಟ್ಟು, ಅಂಟಿನುಂಡೆ, ಎಣ್ಣೆಯ ಬಾಟಲಿ ಹೊತ್ತು ವಿಮಾನ ಹತ್ತುವ ನಮ್ಮ ಕಡೆಯ ತಾಯಂದಿರಲ್ಲಿ ನಾನೂ ಒಬ್ಬಳು. ಹೊರಗೆ ಚಳಿ, ಒಳಗೆ ಮಗುವಿನ ಅಳು, ಉಳಿದ ಹೊತ್ತಿಗೆ ಟಿ.ವಿ. ಅಂಥದೊಂದು ಬೆಳಿಗ್ಗೆ ಅಳಿಯ ಕಾಫಿ ಲೋಟ ಹಿಡಿದು ಟಿ.ವಿ. ಮುಂದೆ ನಿಂತವನು, “ಹುಚ್ಚು ಹುಡುಗ! ಕೈಗೆ ಬಂದ ತುತ್ತನ್ನ ತಾನೇ ಚೆಲ್ಲಿಕೊಂಡ” ಎಂದು ಲೊಚಗುಟ್ಟಿದ.

ಯಾರಪ್ಪಾ ಅದು ಎಂದು ನಾನೂ ಇಣುಕಿದೆ. ಕ್ರಿಸ್ ಬೋರ್ಲಂಡ್ ಎಂಬ ಹುಡುಗನಂತೆ. ಇಪ್ಪತ್ತನಾಲ್ಕು ವರ್ಷ. ಅಮೆರಿಕನ್ ಫುಟ್‌ಬಾಲ್ ಆಟಗಾರ. ನಾವಿದ್ದ ಊರಿನಿಂದ ಒಂದು ತಾಸಿಗೂ ತುಸು ಹೆಚ್ಚಿನ ದಾರಿಯಲ್ಲಿರುವ ಕೆಟರಿಂಗ್ ಎಂಬಲ್ಲಿ ಬೆಳೆದವನು. ಸ್ಯಾನ್ ಫ್ರಾನ್ಸಿಸ್ಕೋದ ಫಾರ್ಟಿನೈನರ್ಸ್ ತಂಡಕ್ಕೆ ಸೇರಿ ಒಂದೇ ಒಂದು ವರ್ಷ ಆಡಿದ್ದ. ಚೆನ್ನಾಗಿ ಆಡಿದ್ದ. ಈಗ ಇದ್ದಕ್ಕಿದ್ದಂತೆ, ‘ಸಾಕು, ನಾನಿನ್ನು ಆಡುವುದಿಲ್ಲ’ ಎಂದುಬಿಟ್ಟಿದ್ದ. ಕಾಲು ಮುರಿದಿರಲಿಲ್ಲ, ತಂಡದವರು ಹೊರಗೆ ಹಾಕಿರಲಿಲ್ಲ. ಈ ಆಟದಲ್ಲಿ ತಲೆಗೆ ಬೀಳುವ ಏಟಿನಿಂದ ಮುಂದೆ ತನ್ನ ಮಿದುಳಿಗೆ ಏನಾದೀತು ಎಂದು ಯೋಚಿಸಿ, ಓದಿ, ತಿಳಿದವರನ್ನು ಕೇಳಿ, ಬಿಟ್ಟಿದ್ದ.

ಪಕ್ಕದಲ್ಲಿ ನನ್ನ ಮೊಮ್ಮಗ ನಿಂತಿದ್ದ. ಆಗ ಅವನಿಗೆ ಹತ್ತು ವರ್ಷ. “ಅಪ್ಪಾ, ಅವನು ಹೆದರಿಬಿಟ್ಟನಾ?” ಎಂದು ಕೇಳಿದ.

“ಹೂಂ, ಹೆದರಿದ” ಎಂದ ನನ್ನ ಅಳಿಯ.

ಅಳಿಯ ಕೆಟ್ಟವನಲ್ಲ. ಹೆಂಡತಿಗೆ ರಾತ್ರಿ ಎದ್ದು ಹಾಲು ಕಾಯಿಸಿ ಕೊಡುವವನು. ಆದರೆ ಅವನ ಆ ಒಂದು ‘ಹೂಂ’ ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಅಲ್ಲೇ ಉತ್ತರ ಕೊಡಬೇಕಿತ್ತು, ಕೊಡಲಿಲ್ಲ. ಅಳಿಯನ ಮನೆ, ಮಗಳ ಬಾಣಂತನ, ನನಗೆ ತಿಳಿಯದ ಆಟ ಎಂದು ಸುಮ್ಮನಾದೆ. ಆಮೇಲೆ ಓದಿ ತಿಳಿದುಕೊಂಡೆ. ಆ ‘ಹೂಂ’ ತಪ್ಪು ಎಂದು ಇಷ್ಟು ವರ್ಷಗಳ ಮೇಲೆ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಆಟ ಎಂಥದು ಹೇಳುತ್ತೇನೆ. ಹೆಸರು ಫುಟ್‌ಬಾಲ್, ಆದರೆ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡು ಉರುಟಲ್ಲ, ಎರಡೂ ತುದಿ ಚೂಪಾದ ಮೊಟ್ಟೆಯಂತಿರುತ್ತದೆ. ಕಡೆಗೆ ಹನ್ನೊಂದು ಜನ. ಚೆಂಡು ಹಿಡಿದ ಕಡೆಯವರು ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದಕ್ಕೆ ಹೋಗಬೇಕು. ಎದುರು ಕಡೆಯವರು ಅವರನ್ನು ಕೆಡವಬೇಕು. ಕೆಡವುವುದೆಂದರೆ ನಮ್ಮ ಕಬಡ್ಡಿಯಂತೆ ಕಾಲು ಹಿಡಿದು ಎಳೆಯುವುದಲ್ಲ. ಓಡಿಬಂದು ಮೈಯಿಂದ ಮೈಗೆ ಅಪ್ಪಳಿಸುವುದು. ಮುಂದಿನ ಸಾಲಿನಲ್ಲಿ ನಿಲ್ಲುವವರಲ್ಲಿ ಹೆಚ್ಚಿನವರು ನೂರಮೂವತ್ತು ಕಿಲೋ ಮೀರಿದ ಆಳುಗಳು. ಬೋರ್ಲಂಡ್ ನಿಲ್ಲುತ್ತಿದ್ದುದು ಅವರ ಹಿಂದೆ, ಲೈನ್‌ಬ್ಯಾಕರ್ ಎಂಬ ಜಾಗದಲ್ಲಿ. ಚೆಂಡು ಹಿಡಿದು ನುಗ್ಗುವವನನ್ನು ಅಡ್ಡಗಟ್ಟಿ ಕೆಡವುವುದೇ ಅಲ್ಲಿ ಕೆಲಸ.

ತಲೆಗೆ ಹೆಲ್ಮೆಟ್ ಇರುತ್ತದಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ಹೆಲ್ಮೆಟ್ ಕಾಯುವುದು ಬುರುಡೆಯನ್ನು. ಬುರುಡೆಯ ಒಳಗೆ ಮಿದುಳು ದ್ರವದಲ್ಲಿ ತೇಲುತ್ತಿರುತ್ತದೆ. ಓಡುತ್ತಿದ್ದ ದೇಹ ಥಟ್ಟನೆ ನಿಂತಾಗ ಮಿದುಳು ಒಳಗೇ ಅಲುಗಾಡಿ ತಿರುಚಿಕೊಳ್ಳುತ್ತದೆ. ಡಬ್ಬದ ಹೊರಗೆ ಎಷ್ಟು ಬಟ್ಟೆ ಸುತ್ತಿದರೂ ಕುಲುಕಿದಾಗ ಒಳಗಿನ ಮೊಸರು ಕದಡದೆ ಇರುತ್ತದೆಯೆ? ಪ್ರಜ್ಞೆ ತಪ್ಪಿಸುವ ದೊಡ್ಡ ಏಟು ಮಾತ್ರವಲ್ಲ, ಲೆಕ್ಕಕ್ಕೇ ಬಾರದ ಸಣ್ಣ ಸಣ್ಣ ಏಟುಗಳೂ ವರ್ಷಗಟ್ಟಲೆ ಸೇರಿ ಕೇಡು ಮಾಡುತ್ತವೆ ಎಂದು ವೈದ್ಯರು ಹೇಳುತ್ತಾರೆ. ಮಿದುಳಿನಲ್ಲಿ ಟೌ ಎಂಬ ಪ್ರೋಟೀನು ಗಂಟುಗಂಟಾಗಿ ಶೇಖರವಾಗುವ ಆ ಕಾಯಿಲೆಗೆ ಸಿ.ಟಿ.ಇ. ಎಂದು ಹೆಸರು. ಮರೆವು, ಸಿಡುಕು, ಖಿನ್ನತೆ, ಕೊನೆಗೆ ಬುದ್ಧಿಭ್ರಮಣೆ. ಆಟ ಬಿಟ್ಟು ಹತ್ತಿಪ್ಪತ್ತು ವರ್ಷಗಳ ಮೇಲೂ ಕಾಣಿಸಿಕೊಳ್ಳಬಹುದು. ಇದೆಯೋ ಇಲ್ಲವೋ ಎಂಬುದನ್ನು ಖಚಿತವಾಗಿ ಹೇಳಬೇಕಾದರೆ ಮನುಷ್ಯ ಸತ್ತ ಮೇಲೆ ಮಿದುಳನ್ನು ಕೊಯ್ದೇ ನೋಡಬೇಕು.

ಈಗ ಹುಡುಗನ ಕಥೆಗೆ ಬರೋಣ. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಆಡುತ್ತ ಹೆಸರು ಮಾಡಿದ, ಚರಿತ್ರೆಯಲ್ಲಿ ಪದವಿ ಪಡೆದ. ಐದು ಅಡಿ ಹನ್ನೊಂದು ಅಂಗುಲ ಎತ್ತರ ಅಲ್ಲಿನ ಲೆಕ್ಕಕ್ಕೆ ಕುಳ್ಳೇ. ಆದರೂ 2014ರಲ್ಲಿ ಎನ್.ಎಫ್.ಎಲ್. ಎಂಬ ಅವರ ವೃತ್ತಿಪರ ಲೀಗಿನ ತಂಡಗಳು ಹೊಸಬರನ್ನು ಆರಿಸಿಕೊಂಡಾಗ ಮೂರನೆಯ ಸುತ್ತಿನಲ್ಲಿ, 77ನೆಯವನಾಗಿ ಆಯ್ಕೆಯಾದ. ನಾಲ್ಕು ವರ್ಷಕ್ಕೆ ಹತ್ತಿರ ಹತ್ತಿರ 29 ಲಕ್ಷ ಡಾಲರಿನ ಒಪ್ಪಂದ. ಅಂದಿನ ಲೆಕ್ಕದಲ್ಲಿ ನಮ್ಮ 18 ಕೋಟಿ ರೂಪಾಯಿ. ಕಾಲೇಜಿನಲ್ಲಿ ಆಡುವ ನೂರು ಹುಡುಗರಲ್ಲಿ ಇಬ್ಬರಿಗೂ ಈ ಬಾಗಿಲು ತೆರೆಯುವುದಿಲ್ಲ.

ಆ ಬೇಸಿಗೆಯ ತರಬೇತಿ ಶಿಬಿರದಲ್ಲೇ ಅವನ ತಲೆಗೆ ಏಟು ಬಿತ್ತು. ಮಂಕು ಕವಿದಂತಾಯಿತು. ಆದರೆ ತಂಡದಲ್ಲಿ ಜಾಗ ಗಿಟ್ಟಿಸಿಕೊಳ್ಳಬೇಕಾಗಿದ್ದ ಹೊಸ ಹುಡುಗ. ಯಾರಿಗೂ ಹೇಳದೆ ಹಾಗೇ ಆಡಿದ. ಆಮೇಲೆ ಅವನಿಗೆ ತನ್ನ ಮೇಲೇ ಆಶ್ಚರ್ಯವಾಯಿತು. ನಾನು ಮಾಡುತ್ತಿರುವುದಾದರೂ ಏನು, ಹೀಗೇ ಬದುಕುವುದೆ ಎಂಬ ಪ್ರಶ್ನೆ ಹುಟ್ಟಿತು. ಲೀಗಿನ ಆಟಗಳು ಇನ್ನೂ ಶುರುವಾಗಿರಲಿಲ್ಲ, ಆಗಲೇ ತಂದೆ ತಾಯಿಗೆ ಪತ್ರ ಬರೆದು, ನನ್ನ ಆಟದ ಆಯುಷ್ಯ ಚಿಕ್ಕದಾಗಬಹುದು ಎಂದು ತಿಳಿಸಿದ.

ಅಂದರೆ ಹೆದರಿ ಓಡಿದನೆ? ಇಲ್ಲ. ಅಕ್ಟೋಬರಿನಲ್ಲಿ ತಂಡದ ಹಿರಿಯ ಆಟಗಾರ ಪ್ಯಾಟ್ರಿಕ್ ವಿಲ್ಲಿಸ್ ಗಾಯಗೊಂಡಾಗ ಅವನ ಜಾಗಕ್ಕೆ ಇವನು ಇಳಿದ. ಒಂದು ಆಟದಲ್ಲಿ ಹದಿನೆಂಟು ಸಲ ಎದುರಾಳಿಯನ್ನು ಕೆಡವಿದ. ನ್ಯೂಯಾರ್ಕಿನ ಜಯಂಟ್ಸ್ ತಂಡದ ಎದುರು ಎರಡು ಬಾರಿ ಚೆಂಡನ್ನು ಗಾಳಿಯಲ್ಲೇ ಕಸಿದುಕೊಂಡ. ನವೆಂಬರ್ ತಿಂಗಳ ಶ್ರೇಷ್ಠ ಹೊಸ ರಕ್ಷಣಾ ಆಟಗಾರನೆಂಬ ಗೌರವ ಸಿಕ್ಕಿತು. ಆಡಿ, ತಾನು ಏನೆಂದು ತೋರಿಸಿ, ಆಮೇಲೆ ನಿರ್ಧಾರ ಮಾಡಿದ ಹುಡುಗ ಇವನು. ಪರೀಕ್ಷೆ ಕಷ್ಟವೆಂದು ಬಿಟ್ಟುಬಂದವನಲ್ಲ, ಮೊದಲ ದರ್ಜೆಯಲ್ಲಿ ಪಾಸಾಗಿ ಬಿಟ್ಟುಬಂದವನು.

ದುಡ್ಡಿನ ಮಾತೂ ಹೇಳಿಬಿಡುತ್ತೇನೆ. ಒಪ್ಪಂದಕ್ಕೆ ಸಹಿ ಮಾಡಿದ್ದಕ್ಕೆ ಕೊಟ್ಟಿದ್ದ ಆರು ಲಕ್ಷ ಡಾಲರಿಗೂ ಮೀರಿದ ಮೊತ್ತದಲ್ಲಿ ಮುಕ್ಕಾಲು ಪಾಲನ್ನು, ಅಂದರೆ ಆಡದೆ ಉಳಿದ ಮೂರು ವರ್ಷದ ಲೆಕ್ಕವನ್ನು, ಹಿಂದಿರುಗಿಸಲು ಒಪ್ಪಿದ. ನಮ್ಮಲ್ಲಿ ಸರಿಬಾರದ ಸಂಬಂಧ ಮುರಿಯುವಾಗ ವರದಕ್ಷಿಣೆ ಹಿಂದಿರುಗಿಸಿದವರನ್ನು ನಾನಂತೂ ಕಂಡಿಲ್ಲ. ಹೆದರಿದವನು ಹೀಗೆ ಲೆಕ್ಕ ಚುಕ್ತಾ ಮಾಡಿ ಬಾಗಿಲು ದಾಟುವುದಿಲ್ಲ.

ಅವನು ಓದಿದ್ದು ಯಾರ ಕಥೆ ಗೊತ್ತೆ? ಮೈಕ್ ವೆಬ್‌ಸ್ಟರ್, ಡೇವ್ ಡ್ಯುಯರ್‌ಸನ್, ರೇ ಈಸ್ಟರ್ಲಿಂಗ್. ವೆಬ್‌ಸ್ಟರ್ ಪಿಟ್ಸ್‌ಬರ್ಗಿನ ಸ್ಟೀಲರ್ಸ್ ತಂಡಕ್ಕೆ ನಾಲ್ಕು ಸಲ ಸೂಪರ್ ಬೌಲ್ ಗೆದ್ದುಕೊಟ್ಟವರಲ್ಲಿ ಒಬ್ಬ. ಕೊನೆಗಾಲದಲ್ಲಿ ಮನೆಮಠ ಬಿಟ್ಟು ತನ್ನ ಟ್ರಕ್ಕಿನಲ್ಲೇ ಮಲಗುತ್ತಿದ್ದ. 2002ರಲ್ಲಿ, ಐವತ್ತನೆಯ ವಯಸ್ಸಿಗೆ ತೀರಿಕೊಂಡ. ನೈಜೀರಿಯಾದಿಂದ ಬಂದಿದ್ದ ಬೆನೆಟ್ ಒಮಾಲು ಎಂಬ ವೈದ್ಯ ಅವನ ಮಿದುಳನ್ನು ಪರೀಕ್ಷಿಸಿ ಆ ಕಾಯಿಲೆಯನ್ನು ಕಂಡ. 2005ರಲ್ಲಿ ಅದನ್ನು ಪ್ರಕಟಿಸಿದಾಗ ಲೀಗಿನ ಸಮಿತಿಯ ವೈದ್ಯರು, ಆ ಲೇಖನವನ್ನು ವಾಪಸು ಪಡೆಯಬೇಕೆಂದು ಪತ್ರಿಕೆಗೆ ಬರೆದರು. 2011ರಲ್ಲಿ ಡ್ಯುಯರ್‌ಸನ್ ತನ್ನ ಮಿದುಳನ್ನು ಸಂಶೋಧನೆಗೆ ಕೊಡಿ ಎಂದು ಹೇಳಿ, ತಲೆಗಲ್ಲ, ಎದೆಗೆ ಗುಂಡು ಹೊಡೆದುಕೊಂಡ. ಮರುವರ್ಷ ಈಸ್ಟರ್ಲಿಂಗ್ ಹೋದ. ಅದೇ 2012ರಲ್ಲಿ ಜೂನಿಯರ್ ಸೇವ್ ಎಂಬ ಹೆಸರಾಂತ ಆಟಗಾರ, ನಲವತ್ತಮೂರರ ವಯಸ್ಸಿಗೆ, ಡ್ಯುಯರ್‌ಸನ್ ಹಿಡಿದ ದಾರಿಯನ್ನೇ ಹಿಡಿದ.

ಇಷ್ಟಾದರೂ ಲೀಗು ಒಪ್ಪಿತೆ? ತಲೆಯ ಏಟಿನ ಬಗ್ಗೆ 1994ರಲ್ಲಿ ಅದು ನೇಮಿಸಿದ ಸಮಿತಿಯ ಅಧ್ಯಕ್ಷರು ನರರೋಗ ತಜ್ಞರಲ್ಲ, ಸಂಧಿವಾತದ ವೈದ್ಯರು. ಮಂಡಿನೋವಿನ ಡಾಕ್ಟರನ್ನು ಮಿದುಳು ನೋಡಲು ಕೂರಿಸಿದ ಹಾಗೆ! ಆಟಕ್ಕೂ ಈ ಕಾಯಿಲೆಗೂ ಸಂಬಂಧ ಇದೆ ಎಂಬ ಮಾತು ಲೀಗಿನ ಹಿರಿಯ ಅಧಿಕಾರಿಯೊಬ್ಬರ ಬಾಯಿಂದ ಮೊದಲ ಬಾರಿಗೆ ಬಹಿರಂಗವಾಗಿ ಬಂದದ್ದು 2016ರ ಮಾರ್ಚಿನಲ್ಲಿ, ಅಮೆರಿಕದ ಸಂಸತ್ ಸದಸ್ಯರ ಎದುರು. ಬೋರ್ಲಂಡ್ ಎದ್ದುಹೋಗಿ ಸರಿಯಾಗಿ ಒಂದು ವರ್ಷಕ್ಕೆ. ಅವನು ಬಿಟ್ಟ ದಿನ ಅದೇ ಲೀಗು, ಆಟ ಹಿಂದೆಂದಿಗಿಂತಲೂ ಸುರಕ್ಷಿತವಾಗಿದೆ ಎಂದು ಹೇಳಿಕೆ ಕೊಟ್ಟಿತ್ತು. ದೊಡ್ಡ ದೊಡ್ಡ ಸಮಿತಿಗಳು ಬಾಯಿ ಬಿಡಲು ಹಿಂಜರಿದ ಸತ್ಯವನ್ನು ಇಪ್ಪತ್ತನಾಲ್ಕರ ಹುಡುಗ ಪುಸ್ತಕ ಓದಿ ಅರ್ಥ ಮಾಡಿಕೊಂಡಿದ್ದ. ಒಂದು ದೊಡ್ಡ ಪತ್ರಿಕೆ ಅವನನ್ನು ಫುಟ್‌ಬಾಲಿನ ಅತ್ಯಂತ ಅಪಾಯಕಾರಿ ಮನುಷ್ಯ ಎಂದು ಕರೆಯಿತು. ಆಡುವಾಗ ಅಲ್ಲ, ಬಿಟ್ಟ ಮೇಲೆ. ಹೌದಲ್ಲ, ತುಂಬಿದ ಪಂಕ್ತಿಯಲ್ಲಿ ಒಬ್ಬ ಎಲೆಯ ಮುಂದಿನಿಂದ ಎದ್ದರೆ ಉಳಿದವರೂ ಅನ್ನವನ್ನು ಮೂಸಿ ನೋಡುತ್ತಾರೆ.

2017ರಲ್ಲಿ ಬಾಸ್ಟನ್ನಿನ ವೈದ್ಯೆ ಆನ್ ಮೆಕೀ ಮತ್ತು ಅವರ ಸಂಗಡಿಗರು, ಎನ್.ಎಫ್.ಎಲ್.ನಲ್ಲಿ ಆಡಿದ್ದ 111 ಜನರ ಮಿದುಳುಗಳನ್ನು ಪರೀಕ್ಷಿಸಿ 110ರಲ್ಲಿ ಈ ಕಾಯಿಲೆ ಕಂಡಿತೆಂದು ಪ್ರಕಟಿಸಿದರು. ಇದನ್ನು ಹೇಳುವಾಗ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅವು ಅನುಮಾನ ಬಂದ ಕುಟುಂಬದವರು ದಾನ ಕೊಟ್ಟ ಮಿದುಳುಗಳೇ ಹೆಚ್ಚು. ಆದ್ದರಿಂದ ಆಡಿದವರಿಗೆಲ್ಲ ಹೀಗಾಗುತ್ತದೆ ಎಂದು ಹೇಳುವಂತಿಲ್ಲ. ನಾನೂ ಹೇಳುವುದಿಲ್ಲ. ಆದರೆ ನೂರ ಹತ್ತು ಮನೆಗಳು ಸಣ್ಣ ಸಂಖ್ಯೆಯೆ?

ಈಗ ನನ್ನ ಅಳಿಯನಂಥವರ ವಾದಕ್ಕೆ ಬರುತ್ತೇನೆ.

ಒಂದು: ‘ಕೋಟಿ ಕೋಟಿ ಎಣಿಸುತ್ತಾರೆ, ಏಟು ತಿನ್ನಲಿ ಬಿಡಿ.’ ಕೋಟಿ ಎಣಿಸುವವರು ಕೆಲವರು. ಹೆಚ್ಚಿನವರ ಆಟ ನಾಲ್ಕು ವರ್ಷವೂ ನಡೆಯುವುದಿಲ್ಲ. ಅಲ್ಲಿ ಒಪ್ಪಂದದ ಕಾಗದದಲ್ಲಿ ಬರೆದ ಹಣವೆಲ್ಲ ಕೈಗೆ ಬರುವ ಖಾತ್ರಿಯಿಲ್ಲ. ಬೇಡವೆನಿಸಿದ ದಿನ ತಂಡ ಕೈಬಿಡಬಹುದು. ಪಿಂಚಣಿ ಬೇಕಾದರೆ ಮೂರು ವರ್ಷದ ಆಟ ಜಮೆಯಾಗಿರಬೇಕು. ಅಷ್ಟಕ್ಕೂ, ಹೆಂಡತಿಯ ಹೆಸರೇ ಮರೆತುಹೋದವನಿಗೆ ಬ್ಯಾಂಕಿನ ಪುಸ್ತಕ ಯಾಕೆ?

ಎರಡು: ‘ಯಾರೂ ಕುತ್ತಿಗೆ ಹಿಡಿದು ಆಡಿಸುವುದಿಲ್ಲ, ಅವರೇ ಆರಿಸಿಕೊಂಡದ್ದು.’ ಹತ್ತು ವರ್ಷದ ಮಗು ಆರಿಸಿಕೊಳ್ಳುವುದು ಏನನ್ನು? ಅಪ್ಪನ ಮೆಚ್ಚುಗೆಯನ್ನು. ಶುಕ್ರವಾರ ಸಂಜೆ ಹೈಸ್ಕೂಲಿನ ಆಟ, ಶನಿವಾರ ಕಾಲೇಜಿನ ಆಟ, ಭಾನುವಾರ ವೃತ್ತಿಪರರ ಆಟ. ಸುಗ್ಗಿಯಿಂದ ಚಳಿಗಾಲದವರೆಗೆ ಊರಿಗೆ ಊರೇ ಅದೇ ಧ್ಯಾನ. ಅದರ ನಡುವೆ ಬೆಳೆಯುವ ಹುಡುಗನಿಗೆ ಅದು ಆಯ್ಕೆಯಲ್ಲ, ಗಾಳಿ. ಏಟಿನ ಬಗ್ಗೆ ತಿಳಿದವರು ಬಾಯಿ ಮುಚ್ಚಿಕೊಂಡಿದ್ದಾಗ ಆಡಿದವರು ಏನನ್ನು ತಿಳಿದು ಒಪ್ಪಿದರು? ಅದಕ್ಕೇ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಹಳೆಯ ಆಟಗಾರರು ಲೀಗಿನ ಮೇಲೆ ದಾವೆ ಹೂಡಿದರು. 2013ರಲ್ಲಿ ರಾಜಿಯಾಯಿತು, 2015ರ ಏಪ್ರಿಲಿನಲ್ಲಿ ನ್ಯಾಯಾಲಯ ಒಪ್ಪಿತು. ತಪ್ಪೊಪ್ಪಿಗೆ ಇಲ್ಲದ ರಾಜಿ.

ಮೂರು: ‘ಬಡ ಹುಡುಗರಿಗೆ ಇದೊಂದೇ ಏಣಿ.’ ಈ ಮಾತಿನ ಮುಂದೆ ನಾನು ಸ್ವಲ್ಪ ತಡೆದು ನಿಲ್ಲುತ್ತೇನೆ, ಯಾಕೆಂದರೆ ಇದರಲ್ಲಿ ನಿಜವಿದೆ. ಬೋರ್ಲಂಡನಿಗೆ ಪದವಿಯಿತ್ತು, ಬೆನ್ನ ಹಿಂದೆ ಮನೆಯಿತ್ತು, ಏಳಲು ಸಾಧ್ಯವಾಯಿತು. ಆ ಲೀಗಿನಲ್ಲಿ ಹೆಚ್ಚಿನವರು ಕಪ್ಪು ವರ್ಣೀಯ ಹುಡುಗರು. ಅವರಲ್ಲಿ ಎಷ್ಟೋ ಮಂದಿಗೆ ಹಿಂದಿರುಗಲು ಅಂಥ ನೆಲೆಯಿಲ್ಲ. ಆದರೆ ಏಣಿ ಹತ್ತಿದವರನ್ನು ಹೇಗೆ ನಡೆಸಿಕೊಂಡರು ನೋಡಿ. ಆ ರಾಜಿಯ ಪರಿಹಾರಕ್ಕಾಗಿ ಬುದ್ಧಿಶಕ್ತಿ ಅಳೆಯುವಾಗ, ಕಪ್ಪು ಆಟಗಾರರ ಬುದ್ಧಿಮಟ್ಟ ಮೊದಲಿನಿಂದಲೇ ಕಡಿಮೆ ಎಂದು ಹಿಡಿದು ಲೆಕ್ಕ ಮಾಡುವ ಪದ್ಧತಿಯಿತ್ತು. ಹಾಗಾಗಿ ಎಷ್ಟು ಕಳೆದುಕೊಂಡರೂ ಕಳೆದದ್ದು ಸ್ವಲ್ಪವೇ ಎಂದು ತೋರುತ್ತಿತ್ತು, ಪರಿಹಾರ ತಪ್ಪುತ್ತಿತ್ತು. ಇಬ್ಬರು ಹಳೆಯ ಆಟಗಾರರು 2020ರಲ್ಲಿ ಕೋರ್ಟಿಗೆ ಹೋದ ಮೇಲೆ, ಆಟಗಾರರೂ ಅವರ ಹೆಂಡಂದಿರೂ ದನಿಯೆತ್ತಿದ ಮೇಲೆ, 2021ರಲ್ಲಿ ಅದನ್ನು ಕೈಬಿಡಲು ಲೀಗು ಒಪ್ಪಿತು. ಏಣಿ ಎನ್ನುವವರು ಅದರ ಮೇಲಿನಿಂದ ಬಿದ್ದವನನ್ನು ಯಾರು ಎತ್ತಬೇಕು ಎಂಬುದನ್ನೂ ಹೇಳಲಿ.

ಯಾರು ಎತ್ತುತ್ತಾರೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಸಿಲ್ವಿಯಾ ಮ್ಯಾಕಿ ಎಂಬ ಹೆಂಗಸಿನ ವಿಷಯ ಕೇಳಿ. ಅವಳ ಗಂಡ ಜಾನ್ ಮ್ಯಾಕಿ ಬಾಲ್ಟಿಮೋರಿನ ಕೋಲ್ಟ್ಸ್ ತಂಡದಲ್ಲಿ 88 ನಂಬರಿನ ಅಂಗಿ ತೊಟ್ಟು ಆಡಿದ ಮಹಾ ಆಟಗಾರ. ಆಟಗಾರರ ಸಂಘದ ಅಧ್ಯಕ್ಷನಾಗಿ ಇತರರ ಹಕ್ಕಿಗೆ ಹೋರಾಡಿದವನು. ವಯಸ್ಸಾಗುತ್ತಿದ್ದಂತೆ ಮರೆವು ಹಿಡಿಯಿತು. ಒಮ್ಮೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಉಂಗುರ ಬಿಚ್ಚಲು ಹೇಳಿದ್ದಕ್ಕೆ ರೊಚ್ಚಿಗೆದ್ದ. ಆಟ ಗೆದ್ದ ನೆನಪಿನ ಉಂಗುರ ಅದು. ಹಿಡಿಯಲು ಹಲವು ಜನ ಬೇಕಾಯಿತು. ಅವನ ಪಿಂಚಣಿ ಆರೈಕೆಗೆ ಸಾಲುತ್ತಿರಲಿಲ್ಲ. ಸಿಲ್ವಿಯಾ, ಉಳಿದವರು ನಿವೃತ್ತಿಯ ಯೋಚನೆ ಮಾಡುವ ವಯಸ್ಸಿನಲ್ಲಿ, ವಿಮಾನದ ಪರಿಚಾರಿಕೆಯ ಕೆಲಸಕ್ಕೆ ಸೇರಿದಳು. ಕೆಲಸವಿದ್ದರೆ ಆರೋಗ್ಯವಿಮೆ ಸಿಗುತ್ತದೆ ಎಂದು. ಅವಳೇ ಲೀಗಿನ ಮುಖ್ಯಸ್ಥರಿಗೆ ನೇರವಾಗಿ ಪತ್ರ ಬರೆದಳು. ಈ ಕಾಯಿಲೆ ನೋಡಿಕೊಳ್ಳುವವರನ್ನೂ ಹೇಗೆ ಕೊಲ್ಲುತ್ತದೆ ಎಂದು ಬಿಡಿಸಿ ಬರೆದಳು. ಅದರ ಫಲವಾಗಿ 2007ರಲ್ಲಿ ಬುದ್ಧಿಭ್ರಮಣೆಯಾದ ಆಟಗಾರರ ಆರೈಕೆಗೆ ವರ್ಷಕ್ಕೆ 88,000 ಡಾಲರ್‌ವರೆಗೆ ಕೊಡುವ ಯೋಜನೆ ಬಂತು. ಅವನ ಅಂಗಿಯ ನಂಬರನ್ನೇ ಅದಕ್ಕೆ ಹೆಸರಾಗಿಟ್ಟರು. ಜಾನ್ 2011ರಲ್ಲಿ ತೀರಿಕೊಂಡ. ಮಿದುಳು ನೋಡಿದಾಗ ಅದೇ ಕಾಯಿಲೆ.

ಅಂಗಿಯ ನಂಬರಿಗೆ ಹೆಸರು ಬಂತು, ಸರಿ. ಪತ್ರ ಬರೆದವಳ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಮೈದಾನದಲ್ಲಿ ಆಡುವುದು ಹನ್ನೊಂದು ಜನ. ಅದರ ಬೆಲೆಯನ್ನು ಊಟ ತಿನ್ನಿಸುತ್ತ, ಬಚ್ಚಲಿಗೆ ಕರೆದೊಯ್ಯುತ್ತ, ರಾತ್ರಿ ಬಾಗಿಲಿಗೆ ಬೀಗ ಹಾಕುತ್ತ ತೀರಿಸುವುದು ಹೆಂಗಸು. ಹಾಗಿದ್ದ ಮೇಲೆ ‘ಆಟ ನಿಮಗೆ ಅರ್ಥವಾಗೋದಿಲ್ಲ’ ಎಂದು ನಮ್ಮ ಬಾಯಿ ಮುಚ್ಚಿಸುವುದು ಯಾವ ನ್ಯಾಯ? ಆಟ ಅರ್ಥವಾಗದಿರಬಹುದು, ಅದರ ಬಿಲ್ಲು ನಮಗೆ ಅರ್ಥವಾಗುತ್ತದೆ.

ಆದರೆ ನಾನು ಗಂಡಸರನ್ನಷ್ಟೇ ಬೈದು ಕೈ ತೊಳೆದುಕೊಂಡರೆ ಅದು ಸುಳ್ಳಾಗುತ್ತದೆ. ನನ್ನ ಯಜಮಾನರು ಐವತ್ತೆರಡನೆಯ ವಯಸ್ಸಿಗೆ ಹೋದರು. ವಾರದಿಂದ ಎದೆ ಹಿಂಡುತ್ತಿತ್ತು ಎಂದು ಆಮೇಲೆ ಅವರ ಸಹೋದ್ಯೋಗಿಯಿಂದ ತಿಳಿಯಿತು, ಮನೆಯಲ್ಲಿ ಹೇಳಿರಲಿಲ್ಲ. ಹದಿಮೂರನೆಯ ದಿನ ಬಂದವರ ಮುಂದೆ ನಾನೇ ಹೇಳಿದೆ: “ನಮ್ಮವರು ಒಂದು ದಿನ ನೋವು ಅಂದವರಲ್ಲ.” ಹೆಮ್ಮೆಯಿಂದಲೇ ಹೇಳಿದೆ. ಕೂತಿದ್ದ ಹೆಂಗಸರೆಲ್ಲ ತಲೆಯಾಡಿಸಿದರು. ಎಷ್ಟು ಮನೆಯಲ್ಲಿ ಈ ಮಾತು ಕೇಳಿದ್ದೀರಿ! ನೋವು ಅಂದಿದ್ದರೆ ನಾನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಅನ್ನದೆ ಇರುವುದೇ ದೊಡ್ಡಸ್ತಿಕೆ ಎಂದು ಅವರಿಗೆ ಕಲಿಸಿದವರು ಯಾರು? ಬಿದ್ದು ಮಂಡಿ ತರಚಿಕೊಂಡು ಬಂದ ಹುಡುಗನಿಗೆ ‘ಗಂಡು ಹುಡುಗ ಅಳಬಾರದು’ ಎಂದು ಮೊದಲು ಹೇಳುವವರು ನಾವೇ ಅಲ್ಲವೆ? ಒಹಾಯೋದ ತಾಯಂದಿರೂ ನಾವೂ ಈ ವಿಷಯದಲ್ಲಿ ಒಂದೇ ಸಾಲಿನವರು. ಬೋರ್ಲಂಡ್ ಶಿಬಿರದಲ್ಲಿ ಏಟು ತಿಂದು ಬಾಯಿ ಮುಚ್ಚಿಕೊಂಡದ್ದು ಈ ಪಾಠದಿಂದ. ಅವನ ದೊಡ್ಡತನ ಇರುವುದು ಆಮೇಲೆ ಬಾಯಿ ತೆರೆದದ್ದರಲ್ಲಿ.

2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ, ಅದೇ ಒಹಾಯೋದಲ್ಲಿ, ಡಮಾರ್ ಹ್ಯಾಮ್ಲಿನ್ ಎಂಬ ಹುಡುಗ ಎದೆಗೆ ಏಟು ಬಿದ್ದು ಮೈದಾನದ ನಡುವೆಯೇ ಕುಸಿದ. ಅವನಿಗೂ ಇಪ್ಪತ್ತನಾಲ್ಕೇ. ಹೃದಯ ನಿಂತಿತ್ತು. ಜೊತೆಯ ಆಟಗಾರರು ಸುತ್ತ ನಿಂತು ಅಳುತ್ತಿದ್ದರು. ಆಟ ನೋಡಲು ಬಂದಿದ್ದ ತಾಯಿ ಅವನ ಜೊತೆಗೇ ಆಂಬುಲೆನ್ಸಿನಲ್ಲಿ ಹೋದಳು. ದೇವರ ದಯೆ, ಅಲ್ಲಿದ್ದ ವೈದ್ಯ ಸಿಬ್ಬಂದಿಯ ಜಾಣ್ಮೆ, ಹುಡುಗ ಬದುಕಿದ. ಅದೇ ವರ್ಷ ಮತ್ತೆ ಆಡಲೂ ಇಳಿದ. ಮರಳಿ ಬಂದವನನ್ನು ದೇಶವೆಲ್ಲ ಕೊಂಡಾಡಿತು. ಕೊಂಡಾಡಲಿ, ನನ್ನ ತಕರಾರಿಲ್ಲ. ಆದರೆ 2019ರಲ್ಲಿ ಆಂಡ್ರೂ ಲಕ್ ಎಂಬ ಆಟಗಾರ ಗಾಯದ ಮೇಲೆ ಗಾಯ ತಿಂದು ಸಾಕಾಗಿ ಇಪ್ಪತ್ತೊಂಬತ್ತಕ್ಕೆ ಬಿಡುತ್ತಾನೆಂಬ ಸುದ್ದಿ ಹಬ್ಬಿದ ಸಂಜೆ, ಮೈದಾನದಿಂದ ಹೊರಗೆ ನಡೆಯುತ್ತಿದ್ದ ಅವನನ್ನು ಇಂಡಿಯಾನಾಪೊಲಿಸ್‌ನ ಸ್ವಂತ ಅಭಿಮಾನಿಗಳೇ ಕೂಗಿ ಛೀಗುಟ್ಟಿದರು. ಮರಳಿ ಬಂದರೆ ಚಪ್ಪಾಳೆ, ಎದ್ದು ಹೋದರೆ ಛೀಮಾರಿ. ಈ ಭೇದವನ್ನು ನೋಡುತ್ತಾ ಬೆಳೆದ ಹುಡುಗ ನೋವನ್ನು ಬಾಯಿಬಿಟ್ಟು ಹೇಳುತ್ತಾನೆಯೆ?

ನಮ್ಮ ಮನೆಯ ಹುಡುಗ ಹೇಳಲಿಲ್ಲ.

ಆ ವರ್ಷ ಆಗಸ್ಟಿನಲ್ಲಿ ನಾನು ಹೊರಡುವ ಮುಂಚೆ ಮೊಮ್ಮಗನನ್ನು ಅವರ ಊರಿನ ಮಕ್ಕಳ ತಂಡಕ್ಕೆ ಸೇರಿಸಿದರು. ಒಹಾಯೋದಲ್ಲಿ 2013ರಿಂದ ಒಂದು ಕಾನೂನಿದೆ. ಮಗುವನ್ನು ಆಡಲು ಕಳಿಸುವ ಮುಂಚೆ, ತಲೆಗೆ ಏಟು ಬಿದ್ದರೆ ಏನಾಗುತ್ತದೆ ಎಂದು ತಿಳಿಸುವ ಹಾಳೆಗೆ ತಾಯಿಯೋ ತಂದೆಯೋ ಸಹಿ ಮಾಡಬೇಕು. ಮಗಳು ಮಗುವನ್ನು ಹೆಗಲ ಮೇಲೆ ಹಾಕಿಕೊಂಡೇ ಆ ಹಾಳೆಯನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟು ಸಹಿ ಮಾಡಿದಳು. ಓದಲಿಲ್ಲ. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನಾನು ನೋಡಿದೆ, ‘ಓದಮ್ಮ’ ಎನ್ನಲಿಲ್ಲ. ಇವತ್ತಿಗೂ ಆ ಒಗ್ಗರಣೆಯ ವಾಸನೆ ನನಗೆ ನೆನಪಿದೆ.

ಎರಡು ಹಂಗಾಮು ಆಡಿದ. 2016ರ ಅಕ್ಟೋಬರಿನಲ್ಲಿ ಒಂದು ಶನಿವಾರ ಇನ್ನೊಬ್ಬ ಹುಡುಗನ ತಲೆಗೆ ಇವನ ತಲೆ ಬಡಿಯಿತು. ಎದ್ದು ನಿಂತ, ಆಡಿದ, ಮನೆಗೆ ಬಂದ. ಸೋಮವಾರ ಶಾಲೆಯಲ್ಲಿ ವಾಂತಿ ಮಾಡಿಕೊಂಡು, ಬೋರ್ಡಿನ ಅಕ್ಷರ ಎರಡೆರಡಾಗಿ ಕಾಣುತ್ತದೆ ಎಂದಾಗಲೇ ಗೊತ್ತಾದದ್ದು. ಎರಡು ದಿನ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದ್ದಕ್ಕೆ ಆ ಹನ್ನೊಂದರ ಮಗು, “ನಾನೂ ಹೆದರಿದೆ ಅಂತ ಅಪ್ಪ ಅಂದುಕೊಳ್ತಾರೆ” ಎಂದನಂತೆ. ಒಂದೂವರೆ ವರ್ಷದ ಹಿಂದೆ ಟಿ.ವಿ. ಮುಂದೆ ಹೇಳಿದ ಒಂದು ‘ಹೂಂ’ ಮಗುವಿನ ತಲೆಯಲ್ಲಿ ಹಾಗೇ ಕೂತಿತ್ತು. ಮಗಳು ಫೋನಿನಲ್ಲಿ ಇದನ್ನು ಹೇಳುವಾಗ ಹಿಂದೆ ಅಳಿಯ ಅಳುತ್ತಿದ್ದುದು ನನಗೆ ಕೇಳಿಸಿತು. ಅಳಲಿ ಎಂದುಕೊಂಡೆ. ಗಂಡಸೂ ಅಳಬಹುದು.

ಕತ್ತಲ ಕೋಣೆ, ಪುಸ್ತಕವಿಲ್ಲ, ಟಿ.ವಿ. ಇಲ್ಲ. ಮೂರು ವಾರದಲ್ಲಿ ಗುಣವಾದ. ಮತ್ತೆ ಆ ಆಟಕ್ಕೆ ಕಳಿಸಲಿಲ್ಲ. ಈಗ ಕಾಲೇಜು ಮುಗಿಸುವ ಹಂತದಲ್ಲಿದ್ದಾನೆ, ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತುಕೊಳ್ಳುವ ಫ್ಲ್ಯಾಗ್ ಫುಟ್‌ಬಾಲ್ ಆಡುತ್ತಾನೆ. ಅದರಲ್ಲಿ ಯಾರೂ ಯಾರನ್ನೂ ಕೆಡವುವಂತಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೂ ಅದನ್ನೇ ಸೇರಿಸಿದ್ದಾರೆ. ಅಂದರೆ ಓಟ, ಚುರುಕು, ಜಾಣತನ ಎಲ್ಲ ಇಟ್ಟುಕೊಂಡು ಡಿಕ್ಕಿ ಮಾತ್ರ ಬಿಡಬಹುದು ಎಂದಾಯಿತಲ್ಲ.

ಬೋರ್ಲಂಡ್ ಮುಂದಿನ ವರ್ಷಗಳಲ್ಲಿ ಆಟಗಾರರ, ನಿವೃತ್ತ ಸೈನಿಕರ ಮಾನಸಿಕ ಆರೋಗ್ಯದ ಕೆಲಸಕ್ಕೆ ಕೈಹಾಕಿದ. ಆಟವನ್ನೇ ನಿಷೇಧಿಸಿ ಎಂದು ಬೀದಿಗಿಳಿಯಲಿಲ್ಲ. ನಾನೂ ಹಾಗೆ ಹೇಳುತ್ತಿಲ್ಲ. ದೊಡ್ಡವರು ತಿಳಿದು ಆಡುವುದಾದರೆ ಆಡಲಿ. ನಾನು ಕೇಳುವುದು ಚಿಕ್ಕ ಸಂಗತಿ. ನಿಮ್ಮ ಮಗಳೋ ಸೊಸೆಯೋ ಆ ದೇಶದಲ್ಲಿದ್ದರೆ, ಆ ಹಾಳೆಯನ್ನು ಓದಿ ಸಹಿ ಮಾಡು ಎಂದು ಹೇಳಿ. ಒಲೆಯ ಮೇಲಿನ ಒಗ್ಗರಣೆ ಸೀದರೂ ಚಿಂತೆಯಿಲ್ಲ. ಇಲ್ಲೇ ಇದ್ದರೂ, ಮೈದಾನದಿಂದ ಬಂದ ಹುಡುಗನನ್ನು ‘ಗೆದ್ದೆಯಾ’ ಎನ್ನುವ ಮುಂಚೆ ‘ನೋವಾಯಿತೇನೋ’ ಎಂದು ಕೇಳಿ. ಹೌದು ಎಂದರೆ ನಗಬೇಡಿ. ಸಾಕು ಎಂದು ಎದ್ದು ಬಂದರೆ ಹೆದರಿದ ಎನ್ನಬೇಡಿ.

ನನ್ನ ಮಟ್ಟಿಗೆ, ಯಜಮಾನರ ಬಗ್ಗೆ ಆ ಮಾತನ್ನು ಹೇಳುವುದನ್ನು ಬಿಟ್ಟಿದ್ದೇನೆ. ಈಗ ಯಾರಾದರೂ ಕೇಳಿದರೆ, “ಅವರಿಗೆ ನೋವಿತ್ತು, ಹೇಳಲಿಲ್ಲ” ಎನ್ನುತ್ತೇನೆ.